ಬರ್ತಾ ಬೆಂಜ್

ಬರ್ತಾ ಬೆಂಜ್ (ಜನನ: ಮೇ 3, 1849, ಫೋರ್ಟ್ಸ್‌ಹೈಮ್; ಮರಣ: ಮೇ 5, 1944, ಲಾಡೆನ್‌ಬುರ್ಗ್) ಜರ್ಮನಿಯ ಮೋಟಾರು ವಾಹನ ಕ್ಷೇತ್ರದ ಆದ್ಯರಲ್ಲಿ ಒಬ್ಬರು. 1886ರಲ್ಲಿ ಮೋಟಾರು ಗಾಡಿಗೆ ಪೇಟೆಂಟ್ ಪಡೆದ ಕಾರ್ಲ್ ಬೆಂಜ್ ಅವರ ಪತ್ನಿ. ಅವರ ಉದ್ಯಮಕ್ಕೆ ಮೊದಲು ಹಣ ಒದಗಿಸಿದವರೂ ಇವರೇ. 1888ರ ಆಗಸ್ಟ್ ತಿಂಗಳಲ್ಲಿ ತಮ್ಮ ಇಬ್ಬರು ಪುತ್ರರೊಡನೆ ಮನ್‌ಹೈಮ್ ನಗರದಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಮೋಟಾರು ಗಾಡಿಯಲ್ಲಿ ಕ್ರಮಿಸಿದರು. ಇದು ಮೋಟಾರು ವಾಹನದ ಇತಿಹಾಸದಲ್ಲಿ ಮೊದಲ ದೂರಪ್ರಯಾಣವೆಂದು ಪರಿಗಣಿತವಾಗಿದೆ.

ಈ ಪ್ರಯಾಣ ಸಾಹಸದ ಕಥೆಯಾಗಿ ಹೆಚ್ಚು ಪ್ರಸಿದ್ಧವಾಗಿದ್ದರೂ ಅದರ ಮಹತ್ವ ಅಷ್ಟಕ್ಕೇ ಸೀಮಿತವಲ್ಲ. ಎಂಜಿನ್‌ನಲ್ಲಿ ಹುಟ್ಟಿದ ಶಕ್ತಿಯನ್ನು ಗಾಲಿಗಳಿಗೆ ಮುಟ್ಟಿಸುವ ಬೆಲ್ಟ್, ಸರಪಣಿ, ಗೇರ್ ಮುಂತಾದ ಭಾಗಗಳನ್ನು ಒಟ್ಟಾಗಿ ಟ್ರಾನ್ಸ್‌ಮಿಷನ್ ಎನ್ನುತ್ತಾರೆ. ಈ ಭಾಗಗಳು ದೀರ್ಘ ಹಾದಿಯಲ್ಲಿ ಹೇಗೆ ಸವೆಯುತ್ತವೆ, ಅವುಗಳಿಗೆ ಎಂಥ ಆರೈಕೆ ಬೇಕು, ಅವುಗಳಲ್ಲಿ ಯಾವ ಕೊರತೆಯಿದೆ ಎಂಬುದು ಮೊದಲ ಬಾರಿಗೆ ತಿಳಿದುಬಂದದ್ದು ಈ ಪ್ರಯಾಣದಲ್ಲಿ. ಹಾಗೆ ತಿಳಿದದ್ದನ್ನು ಆಧರಿಸಿ ಗಾಡಿಯಲ್ಲಿ ಸುಧಾರಣೆಗಳಾದವು. ವಾಹನವೊಂದನ್ನು ರಚಿಸುವುದು ಎಷ್ಟು ಮುಖ್ಯವೋ ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡು ನಡೆಸುವುದೂ ಅಷ್ಟೇ ಮುಖ್ಯ ಎಂಬುದಕ್ಕೆ ಬರ್ತಾ ಅವರ ಜೀವನ ಒಂದು ನಿದರ್ಶನ.

ಜನನ ಮತ್ತು ಬಾಲ್ಯ

ಬರ್ತಾ ಅವರ ಹುಟ್ಟುಹೆಸರು ಬರ್ತಾ ರಿಂಗರ್. ಆಗಿನ ಬಾಡೆನ್ ಸಂಸ್ಥಾನಕ್ಕೆ ಸೇರಿದ್ದ ಫೋರ್ಟ್ಸ್‌ಹೈಮ್ ಪಟ್ಟಣದ ಅನುಕೂಲಸ್ಥ ಕುಟುಂಬದಲ್ಲಿ ಜನಿಸಿದರು. ತಂದೆ ಕಾರ್ಲ್ ಫ್ರೀಡ್ರಿಶ್ ರಿಂಗರ್ ಮರಗೆಲಸ ಹಾಗೂ ಕಟ್ಟಡ ನಿರ್ಮಾಣದ ವೃತ್ತಿಯಲ್ಲಿ ಸಂಪಾದಿಸಿ ಮೇಲೆ ಬಂದವರು. ಬರ್ತಾ ಹುಟ್ಟಿದಾಗ ಮತ್ತೆ ಹೆಣ್ಣುಮಗುವೇ ಆಯಿತೆಂಬ ವಿಷಾದದ ಟಿಪ್ಪಣಿಯನ್ನು ತಂದೆ ಕುಟುಂಬದ ಬೈಬಲ್‌ನಲ್ಲಿ ಬರೆದಿಟ್ಟಿದ್ದರೆಂದೂ, ಬಾಲಕಿ ಮುಂದೊಂದು ದಿನ ಅದನ್ನು ಓದಿ ನೊಂದುಕೊಂಡಳೆಂದೂ ಅವರ ಜೀವನಚರಿತ್ರೆಗಳಲ್ಲಿ ಹೇಳಲಾಗುತ್ತದೆ.

ಆ ಕಾಲದ ಉಳ್ಳವರ ಮನೆಯ ಹೆಣ್ಣುಮಕ್ಕಳಿಗಾಗಿ ನಡೆಯುತ್ತಿದ್ದ ಶಾಲೆಯಲ್ಲಿ ಬರ್ತಾ ವಿದ್ಯಾಭ್ಯಾಸ ಮಾಡಿದರು. ವಿಜ್ಞಾನ ವಿಷಯಗಳಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. ಆದರೆ ಉನ್ನತ ಶಿಕ್ಷಣದ ಬಾಗಿಲು ಆಗ ಸ್ತ್ರೀಯರಿಗೆ ತೆರೆದಿರಲಿಲ್ಲ. ಜರ್ಮನಿಯ ಸಂಸ್ಥಾನಗಳ ಪೈಕಿ ವಿಶ್ವವಿದ್ಯಾಲಯಗಳಲ್ಲಿ ಮಹಿಳೆಯರಿಗೆ ವಿಧಿವತ್ತಾದ ಪ್ರವೇಶವನ್ನು ಮೊದಲು ನೀಡಿದ್ದು ಬಾಡೆನ್, ಅದೂ 1900ರಲ್ಲಿ. ಆ ಹೊತ್ತಿಗೆ ಬರ್ತಾ ಅವರಿಗೆ ಐವತ್ತು ವರ್ಷ ದಾಟಿತ್ತು. ಯಂತ್ರಗಳ ಬಗೆಗಿನ ಅವರ ತಿಳಿವಳಿಕೆಯೆಲ್ಲ ಮನೆಯಲ್ಲಿ ಮತ್ತು ಪತಿಯ ಕಾರ್ಯಾಗಾರದಲ್ಲಿ ನೋಡಿ ಮಾಡಿ ಕಲಿತದ್ದು.

ವಿವಾಹ ಮತ್ತು ಉದ್ಯಮದ ಆರಂಭ

1869ರ ಜೂನ್ ತಿಂಗಳಲ್ಲಿ ಮೌಲ್‌ಬ್ರೊನ್‌ನ ಪ್ರಾಚೀನ ಕ್ರೈಸ್ತ ಮಠಕ್ಕೆ ಸಂಘವೊಂದು ಏರ್ಪಡಿಸಿದ್ದ ವಿಹಾರದ ಸಂದರ್ಭದಲ್ಲಿ ಬರ್ತಾ ಅವರಿಗೆ ಕಾರ್ಲ್ ಬೆಂಜ್ ಅವರ ಪರಿಚಯವಾಯಿತು. ಕಾರ್ಲ್ ಕಾರ್ಲ್ಸ್‌ರೂಹೆಯಲ್ಲಿ ತಾಂತ್ರಿಕ ಶಿಕ್ಷಣ ಪಡೆದಿದ್ದ ಯುವ ಎಂಜಿನಿಯರ್. ರೈಲು ಎಂಜಿನ್ ಚಾಲಕರಾಗಿದ್ದ ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡು ತಾಯಿಯ ಆಸರೆಯಲ್ಲಿ ಬೆಳೆದಿದ್ದ ಅವರ ಬಳಿ ಹಣವಿರಲಿಲ್ಲ. ಕುದುರೆಯಿಲ್ಲದೆ ತಾನಾಗಿ ಓಡುವ ಗಾಡಿಯೊಂದನ್ನು ಮಾಡಬೇಕೆಂಬ ಕನಸಿತ್ತು. ಆ ಕನಸಿನ ಮಾತು ಬರ್ತಾ ಅವರಿಗೆ ಹಿಡಿಸಿತು.

1871ರಲ್ಲಿ ಕಾರ್ಲ್ ಅವರು ಆಗಸ್ಟ್ ರಿಟ್ಟರ್ ಎಂಬ ಪಾಲುದಾರರೊಡನೆ ಮನ್‌ಹೈಮ್ ನಗರದಲ್ಲಿ ಕಬ್ಬಿಣದ ಎರಕ ಹಾಗೂ ಯಂತ್ರಭಾಗಗಳ ಕಾರ್ಯಾಗಾರವನ್ನು ಆರಂಭಿಸಿದರು. ಪಾಲುದಾರಿಕೆ ಸರಿಹೋಗದೆ ಕಾರ್ಯಾಗಾರ ಕೈತಪ್ಪುವ ಸ್ಥಿತಿಗೆ ಬಂದಿತು. ಆಗ ಇನ್ನೂ ವಿವಾಹವಾಗಿರದ ಬರ್ತಾ, ತಮ್ಮ ಮದುವೆಗೆಂದು ತಂದೆ ತೆಗೆದಿರಿಸಿದ್ದ ಹಣವನ್ನು ಮುಂಗಡವಾಗಿ ಪಡೆದು, ಆ ಹಣದಿಂದ ರಿಟ್ಟರ್ ಅವರ ಪಾಲನ್ನು ಬಿಡಿಸಿಕೊಳ್ಳಲು ನೆರವಾದರು. 1872ರ ಜುಲೈ 20ರಂದು ಅವರಿಬ್ಬರ ವಿವಾಹವಾಯಿತು. ವಿವಾಹಿತ ಸ್ತ್ರೀ ಸ್ವತಂತ್ರವಾಗಿ ಹಣಕಾಸಿನ ವ್ಯವಹಾರ ನಡೆಸಲು ಆಗಿನ ಕಾನೂನು ಅವಕಾಶ ಕೊಡುತ್ತಿರಲಿಲ್ಲ. ಹೀಗಾಗಿ ಉದ್ಯಮವನ್ನು ಉಳಿಸಿದ ಹಣ ಬರ್ತಾ ಅವರದಾದರೂ ಉದ್ಯಮದ ದಾಖಲೆಗಳಲ್ಲಿ ಅವರಿಗೆ ಸ್ಥಾನವಿರಲಿಲ್ಲ. 1886ರ ಪೇಟೆಂಟ್ ಪತ್ರದಲ್ಲೂ ಅವರ ಹೆಸರಿಲ್ಲ.

ದಂಪತಿಗಳಿಗೆ ಓಯ್ಗನ್ (1873), ರಿಚರ್ಡ್ (1874), ಕ್ಲಾರಾ (1877), ಟಿಲ್ಡೆ (1882) ಮತ್ತು ಎಲ್ಲೆನ್ (1890) ಎಂಬ ಐವರು ಮಕ್ಕಳು. ಮದುವೆಯ ನಂತರದ ಮೊದಲ ವರ್ಷಗಳು ಕಡುಕಷ್ಟದಲ್ಲಿ ಕಳೆದವು. 1873ರ ಆರ್ಥಿಕ ಕುಸಿತದ ಬಿಸಿ ಸಣ್ಣ ಕಾರ್ಯಾಗಾರಗಳಿಗೂ ತಟ್ಟಿತ್ತು. ಆ ನಡುವೆ ಕಾರ್ಲ್ ಅವರು ಎರಡು ಹೊಡೆತದ ಅನಿಲ ಎಂಜಿನ್ ಒಂದನ್ನು ರೂಪಿಸುವುದರಲ್ಲಿ ತೊಡಗಿದ್ದರು. 1879ರ ಡಿಸೆಂಬರ್ 31ರ ರಾತ್ರಿ, ಊಟವಾದ ಮೇಲೆ ಇನ್ನೊಮ್ಮೆ ಪ್ರಯತ್ನಿಸಿ ನೋಡೋಣವೆಂದು ಬರ್ತಾ ಸೂಚಿಸಿದರು. ಇಬ್ಬರೂ ಕಾರ್ಯಾಗಾರಕ್ಕೆ ಹೋದರು. ಅಷ್ಟು ದಿನ ಹಟ ಹಿಡಿದಿದ್ದ ಎಂಜಿನ್ ಅಂದು ನಿಲ್ಲದೆ ಓಡಿತು. ಕಾರ್ಲ್ ತಮ್ಮ ಆತ್ಮಕಥೆಯಲ್ಲಿ ಈ ರಾತ್ರಿಯನ್ನು ಪ್ರೀತಿಯಿಂದ ನೆನೆದಿದ್ದಾರೆ. 1883ರಲ್ಲಿ ಇಬ್ಬರು ಹೊಸ ಪಾಲುದಾರರೊಡನೆ ಬೆಂಜ್ ಆ್ಯಂಡ್ ಸೀ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಸ್ಥಾವರ ಎಂಜಿನ್‌ಗಳ ಮಾರಾಟದಿಂದ ಬಂದ ಆದಾಯದ ಬಲದಿಂದ ಗಾಡಿಯ ಕೆಲಸ ಮುಂದುವರಿಯಿತು.

ಮೋಟಾರು ಗಾಡಿ ಮತ್ತು ಅದರ ಶಕ್ತಿ ವರ್ಗಾವಣೆ

1886ರ ಜನವರಿ 29ರಂದು ಕಾರ್ಲ್ ಬೆಂಜ್ ಅವರು ತಮ್ಮ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದರು. ಪೇಟೆಂಟಿನ ಸಂಖ್ಯೆ 37435. ಅದೇ ವರ್ಷದ ಜುಲೈ 3ರಂದು ಮನ್‌ಹೈಮ್‌ನ ಬೀದಿಯಲ್ಲಿ ಗಾಡಿಯ ಸಾರ್ವಜನಿಕ ಓಡಾಟ ನಡೆಯಿತು. ಮೊದಲ ಗಾಡಿಯ ಎಂಜಿನ್ ಒಂದೇ ಸಿಲಿಂಡರಿನದು. ಗಾತ್ರ 954 ಘನ ಸೆಂಟಿಮೀಟರ್, ಶಕ್ತಿ ಮುಕ್ಕಾಲು ಅಶ್ವಶಕ್ತಿಯಷ್ಟು. ಗರಿಷ್ಠ ವೇಗ ಗಂಟೆಗೆ ಸುಮಾರು 16 ಕಿಲೋಮೀಟರ್.

1888ರ ಪ್ರಯಾಣದಲ್ಲಿ ಎದುರಾದ ತೊಂದರೆಗಳನ್ನು ಅರ್ಥಮಾಡಿಕೊಳ್ಳಲು ಈ ಗಾಡಿಯಲ್ಲಿ ಶಕ್ತಿ ಹರಿಯುತ್ತಿದ್ದ ಹಾದಿಯನ್ನು ತಿಳಿಯುವುದು ಅಗತ್ಯ. ಎಂಜಿನ್ ಗಾಡಿಯ ಹಿಂಭಾಗದಲ್ಲಿ ಅಡ್ಡಲಾಗಿ ಮಲಗಿತ್ತು. ಅದರ ದೊಡ್ಡ ಫ್ಲೈವೀಲ್ ನೆಲಕ್ಕೆ ಸಮಾನಾಂತರವಾಗಿ, ಬೀಸುವ ಕಲ್ಲಿನಂತೆ ತಿರುಗುತ್ತಿತ್ತು. ಚಕ್ರವನ್ನು ನೆಟ್ಟಗೆ ನಿಲ್ಲಿಸಿದರೆ ಅದರ ಭ್ರಮಣದಿಂದ ಗಾಡಿ ತಿರುಗಿಸಲು ಅಡ್ಡಿಯಾದೀತೆಂಬ ಶಂಕೆಯಿಂದ ಕಾರ್ಲ್ ಹೀಗೆ ಜೋಡಿಸಿದ್ದರು. ಓರೆ ಹಲ್ಲಿನ ಗೇರುಗಳ ಮೂಲಕ ಆ ಚಲನೆಯನ್ನು ಅಡ್ಡ ದಂಡಕ್ಕೆ ತಿರುಗಿಸಿ, ಅಲ್ಲಿಂದ ಚಪ್ಪಟೆಯಾದ ಚರ್ಮದ ಬೆಲ್ಟಿನಿಂದ ಆಸನದ ಕೆಳಗಿನ ಇನ್ನೊಂದು ದಂಡಕ್ಕೆ ಸಾಗಿಸಲಾಗುತ್ತಿತ್ತು. ಆ ದಂಡದಲ್ಲೇ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆಯಿತ್ತು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು, ಒಳಗಿನ ಗಾಲಿ ಕಡಿಮೆ ಸುತ್ತಲು ಅದು ಅನುವು ಮಾಡಿಕೊಡುತ್ತಿತ್ತು. ದಂಡದ ಎರಡೂ ತುದಿಗಳಿಂದ ಒಂದೊಂದು ಸರಪಣಿ ಹಿಂದಿನ ಒಂದೊಂದು ಗಾಲಿಯನ್ನು ತಿರುಗಿಸುತ್ತಿತ್ತು.

ಇಂದಿನ ವಾಹನಗಳಲ್ಲಿರುವಂಥ ಕ್ಲಚ್ ಇದರಲ್ಲಿ ಇರಲಿಲ್ಲ. ಬದಲಿಗೆ ಅಕ್ಕಪಕ್ಕದಲ್ಲಿ ಎರಡು ರಾಟೆಗಳಿದ್ದವು. ಒಂದು ದಂಡಕ್ಕೆ ಬಿಗಿಯಾಗಿ ಕೂಡಿಸಿದ್ದು, ಇನ್ನೊಂದು ದಂಡದ ಮೇಲೆ ಬಿಡಿಯಾಗಿ ಸುತ್ತುವಂಥದ್ದು. ಬೆಲ್ಟ್ ಬಿಡಿ ರಾಟೆಯ ಮೇಲಿದ್ದಾಗ ಎಂಜಿನ್ ಓಡುತ್ತಿದ್ದರೂ ಗಾಡಿ ನಿಂತೇ ಇರುತ್ತಿತ್ತು. ಕೈಸನ್ನೆಯನ್ನು ಮುಂದಕ್ಕೆ ತಳ್ಳಿ ಬೆಲ್ಟನ್ನು ಬಿಗಿ ರಾಟೆಯ ಮೇಲೆ ಸರಿಸಿದರೆ ಗಾಡಿ ಹೊರಡುತ್ತಿತ್ತು. ಹಳೆಯ ಹಿಟ್ಟಿನ ಗಿರಣಿಗಳಲ್ಲಿ ಬೆಲ್ಟನ್ನು ಒಂದು ರಾಟೆಯಿಂದ ಇನ್ನೊಂದಕ್ಕೆ ಸರಿಸಿ ಕಲ್ಲನ್ನು ನಿಲ್ಲಿಸುವುದನ್ನು ನೋಡಿದವರಿಗೆ ಈ ತತ್ವ ಹೊಸದಲ್ಲ. ಕಾರ್ಖಾನೆಯ ಈ ಏರ್ಪಾಡನ್ನು ಕಾರ್ಲ್ ಗಾಡಿಗೆ ಅಳವಡಿಸಿದ್ದರು.

ಕಾರ್ಖಾನೆಯ ಮಾಡಿನ ಕೆಳಗೆ ವರ್ಷಾನುಗಟ್ಟಲೆ ಬಾಳುವ ಈ ಭಾಗಗಳ ಪಾಡು ಬಯಲಿನಲ್ಲಿ ಬೇರೆ. ಚರ್ಮದ ಬೆಲ್ಟ್ ತೇವ ತಗುಲಿದರೆ ಹಿಗ್ಗಿ ಜಾರುತ್ತದೆ, ಒಣಗಿದರೆ ಬಿರಿಯುತ್ತದೆ. ಸರಪಣಿಯ ಕೊಂಡಿಗಳ ನಡುವೆ ಧೂಳು ಸೇರಿ ಎಣ್ಣೆಯೊಡನೆ ಬೆರೆತರೆ ಅದು ಅರದಂತೆ ಲೋಹವನ್ನು ಸವೆಸುತ್ತದೆ. ಒಂದೊಂದು ಕೊಂಡಿಯ ಸವೆತ ಕೂದಲೆಳೆಯಷ್ಟಾದರೂ ಎಲ್ಲ ಕೊಂಡಿಗಳದೂ ಸೇರಿ ಸರಪಣಿಯ ಉದ್ದ ಹೆಚ್ಚುತ್ತದೆ. ಆಗ ಸರಪಣಿ ಹಲ್ಲುಚಕ್ರದಲ್ಲಿ ಸರಿಯಾಗಿ ಕೂರದೆ ಹಲ್ಲುಗಳ ಮೇಲೇರಿ ಕಳಚಿಕೊಳ್ಳುತ್ತದೆ. ಸೈಕಲ್ ಓಡಿಸುವವರಿಗೆಲ್ಲ ಪರಿಚಿತವಾದ ಈ ತೊಂದರೆ ಮೊದಲ ಮೋಟಾರು ಗಾಡಿಯದೂ ಆಗಿತ್ತು.

ಪ್ರಯಾಣದ ಹಿನ್ನೆಲೆ

ಪೇಟೆಂಟ್ ದೊರೆತು ಎರಡು ವರ್ಷ ಕಳೆದರೂ ಗಾಡಿಯನ್ನು ಕೊಳ್ಳಲು ಜನ ಮುಂದೆ ಬರಲಿಲ್ಲ. ಸದ್ದು ಮಾಡುತ್ತ, ನಡುದಾರಿಯಲ್ಲಿ ನಿಲ್ಲುತ್ತ ಸಾಗುವ ಈ ಯಂತ್ರವನ್ನು ಕೆಲವರು ಕುತೂಹಲದಿಂದ ನೋಡಿದರೆ ಕೆಲವರು ನಕ್ಕರು. ಕಾರ್ಲ್ ಅವರು ಪರಿಪೂರ್ಣತೆಯನ್ನು ಬಯಸುವ ಸ್ವಭಾವದವರು. ಒಂದು ದೋಷವನ್ನು ತಿದ್ದಿದ ಮೇಲೆ ಇನ್ನೊಂದನ್ನು ತಿದ್ದುತ್ತ ಗಾಡಿಯನ್ನು ಮನ್‌ಹೈಮ್ ಸುತ್ತಮುತ್ತಲಿನ ಸಣ್ಣ ಓಡಾಟಗಳಿಗೆ ಮಾತ್ರ ಬಳಸುತ್ತಿದ್ದರು. ತನ್ನ ಪಾಲಿನ ಸಂಪತ್ತನ್ನೂ ಹದಿನಾರು ವರ್ಷಗಳ ಸಂಸಾರವನ್ನೂ ಈ ಯಂತ್ರದ ಮೇಲೆ ಪಣಕ್ಕಿಟ್ಟಿದ್ದ ಬರ್ತಾ ಅವರಿಗೆ, ಗಾಡಿ ದೂರದ ಊರನ್ನು ಮುಟ್ಟಬಲ್ಲದೆಂದು ಜನರಿಗೆ ತೋರಿಸದೆ ಮಾರಾಟವಾಗದೆಂಬುದು ಮನವರಿಕೆಯಾಗಿತ್ತು. ತಮ್ಮ ಕೆಲಸದ ಮೇಲೆ ಪತಿಗೇ ನಂಬಿಕೆ ಮೂಡಬೇಕಾಗಿತ್ತು.

1888ರ ಪ್ರಯಾಣ

1888ರ ಆಗಸ್ಟ್ ತಿಂಗಳ ಆರಂಭದ ಒಂದು ಬೆಳಗಿನ ಜಾವ, ಕಾರ್ಲ್ ಇನ್ನೂ ನಿದ್ರಿಸುತ್ತಿದ್ದಾಗ, ಬರ್ತಾ ಮತ್ತು ಪುತ್ರರಾದ 15 ವರ್ಷದ ಓಯ್ಗನ್, 13 ವರ್ಷದ ರಿಚರ್ಡ್ ಗಾಡಿಯನ್ನು ಹೊರಗೆ ತಂದರು. ಇದು ಮೊದಲ ಗಾಡಿಗಿಂತ ಸುಧಾರಿಸಿದ ಮೂರನೆಯ ಮಾದರಿ. ಫೋರ್ಟ್ಸ್‌ಹೈಮ್‌ನಲ್ಲಿದ್ದ ತಾಯಿಯನ್ನು ಕಾಣಲು ಹೋಗುವುದು ಪ್ರಯಾಣದ ಹೊರನೆಪ. ಶಾಲೆಗೆ ರಜೆಯಿದ್ದ ಮಕ್ಕಳಿಗೂ ಇದು ಉತ್ಸಾಹದ ಸಂಗತಿಯಾಗಿತ್ತು. ತಾವು ಹೊರಟಿರುವ ವಿಷಯವನ್ನು ಚೀಟಿಯಲ್ಲಿ ಬರೆದು ಮನೆಯಲ್ಲಿ ಇಟ್ಟಿದ್ದರು. ಗಾಡಿಯಲ್ಲೇ ಹೋಗುತ್ತಿರುವುದನ್ನು ಕಾರ್ಲ್ ಅವರಿಗೆ ಮೊದಲೇ ತಿಳಿಸಿರಲಿಲ್ಲ.

ಹೈಡೆಲ್‌ಬರ್ಗ್, ವೀಸ್ಲೋಖ್, ಬ್ರುಖ್‌ಸಾಲ್, ಡುರ್ಲಾಖ್ ಮಾರ್ಗವಾಗಿ ಅವರು ಸಾಗಿದರು. ಅವು ಕುದುರೆಗಾಡಿ ಎತ್ತಿನ ಬಂಡಿಗಳು ಓಡಾಡುತ್ತಿದ್ದ ಮಣ್ಣಿನ ರಸ್ತೆಗಳು. ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಗ್ಯಾರೇಜ್ ಇಲ್ಲ, ಬಿಡಿಭಾಗಗಳ ಅಂಗಡಿಯಿಲ್ಲ, ಕೇಳಿದರೆ ಹೇಳಬಲ್ಲ ಮೆಕ್ಯಾನಿಕ್ ಇಲ್ಲ. ಇದ್ದದ್ದು ಊರೂರಿನ ಕುಶಲಕರ್ಮಿಗಳು ಮತ್ತು ಬರ್ತಾ ಅವರ ಸಮಯಸ್ಫೂರ್ತಿ.

ನೀರು ಮತ್ತು ಇಂಧನ

ಎಂಜಿನ್ ತಣ್ಣಗಿರಲು ಅದರ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುವ ವ್ಯವಸ್ಥೆಯಿತ್ತು. ಹಾಗಾಗಿ ಮೇಲಿಂದ ಮೇಲೆ ನೀರು ತುಂಬಬೇಕಾಗುತ್ತಿತ್ತು. ಬಾವಿ, ತೊರೆ, ಛತ್ರ ಸಿಕ್ಕಲ್ಲೆಲ್ಲ ಗಾಡಿ ನಿಲ್ಲಿಸಿದರು. ಇಂಧನಕ್ಕೆ ಪ್ರತ್ಯೇಕ ಟ್ಯಾಂಕ್ ಇರಲಿಲ್ಲ. ಕಾರ್ಬ್ಯುರೇಟರ್ ಹಿಡಿಸುತ್ತಿದ್ದ ಸುಮಾರು ನಾಲ್ಕೂವರೆ ಲೀಟರ್ ಮಾತ್ರ. ಅದು ಮುಗಿಯುತ್ತ ಬಂದಾಗ ವೀಸ್ಲೋಖ್‌ನ ಔಷಧದ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ಪೆಟ್ರೋಲಿಯಂ ದ್ರವವನ್ನು ಕೊಂಡು ತುಂಬಿದರು. ಆ ಅಂಗಡಿಯನ್ನು ಇಂದು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಅಭಿಮಾನದಿಂದ ಕರೆಯಲಾಗುತ್ತದೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಬರ್ತಾ ತಮ್ಮ ಟೋಪಿಯ ಉದ್ದನೆಯ ಪಿನ್ನಿನಿಂದ ಅದನ್ನು ಬಿಡಿಸಿದರು. ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದಾಗ ಕಾಲುಚೀಲ ಬಿಗಿಯುವ ಪಟ್ಟಿಯನ್ನು ಅದಕ್ಕೆ ಸುತ್ತಿದರು.

ಸರಪಣಿಗಳ ಸವೆತ

ಮೇಲೆ ಹೇಳಿದ ಸಣ್ಣ ಅಡಚಣೆಗಳಿಗಿಂತ ಗಂಭೀರವಾದದ್ದು ಸರಪಣಿಗಳ ತೊಂದರೆ. ಧೂಳಿನ ಹಾದಿಯಲ್ಲಿ ಎಡೆಬಿಡದೆ ಎಳೆದ ಸರಪಣಿಗಳು ಸಡಿಲಗೊಂಡು ಹಲ್ಲುಚಕ್ರದಿಂದ ಕಳಚತೊಡಗಿದವು. ಸರಪಣಿ ಕಳಚಿದರೆ ಎಂಜಿನ್ ಎಷ್ಟು ಚೆನ್ನಾಗಿ ಓಡಿದರೂ ಗಾಡಿ ಒಂದು ಅಡಿಯೂ ಚಲಿಸದು. ಬ್ರುಖ್‌ಸಾಲ್‌ನಲ್ಲಿ ಕಮ್ಮಾರನೊಬ್ಬನ ಕುಲುಮೆಯ ಮುಂದೆ ಗಾಡಿ ನಿಲ್ಲಿಸಿ ಅದನ್ನು ಸರಿಪಡಿಸಿಕೊಂಡರು. ಲಾಳ, ನೇಗಿಲು, ಬಂಡಿಯ ಪಟ್ಟಿಗಳನ್ನು ಮಾಡಿ ಪಳಗಿದ ಕೈಗಳು ಹೀಗೆ ಮೋಟಾರು ವಾಹನದ ಸರಪಣಿಯನ್ನು ದುರಸ್ತಿ ಮಾಡಿದವು. ಮುಂದೆ ಮೋಟಾರು ಗ್ಯಾರೇಜುಗಳು ಹುಟ್ಟಿಕೊಂಡಾಗ ಅವುಗಳಲ್ಲಿ ಎಷ್ಟೋ ಇಂಥ ಕುಲುಮೆಗಳಿಂದಲೇ ಬೆಳೆದು ಬಂದವು.

ಏರುದಾರಿ

ಡುರ್ಲಾಖ್ ದಾಟಿದ ಮೇಲೆ ನೆಲ ಏರತೊಡಗುತ್ತದೆ. ಫೋರ್ಟ್ಸ್‌ಹೈಮ್ ಇರುವುದು ಕಪ್ಪು ಕಾಡು ಎಂಬ ಪರ್ವತಪ್ರದೇಶದ ಉತ್ತರದ ಅಂಚಿನಲ್ಲಿ. ಇಲ್ಲಿ ಗಾಡಿಯ ದೊಡ್ಡ ಕೊರತೆ ಬಯಲಾಯಿತು. ಎಂಜಿನ್ ಕೆಟ್ಟಿರಲಿಲ್ಲ, ಆದರೆ ಏರಿನಲ್ಲಿ ಗಾಲಿಯನ್ನು ತಿರುಗಿಸಲು ಬೇಕಾದ ಬಲ ಗಾಲಿಗೆ ತಲುಪುತ್ತಿರಲಿಲ್ಲ. ಕಡಿದಾದ ಕಡೆಗಳಲ್ಲಿ ಒಬ್ಬರು ಗಾಡಿಯನ್ನು ನಡೆಸಿದರೆ ಉಳಿದವರು ಇಳಿದು ಹಿಂದಿನಿಂದ ತಳ್ಳಬೇಕಾಯಿತು.

ಇದರ ಕಾರಣ ಸರಳವಾದದ್ದು. ಎಂಜಿನ್ ಕೊಡುವ ಶಕ್ತಿ ಒಂದು ಮಿತಿಗೆ ಒಳಪಟ್ಟದ್ದು. ಅದೇ ಶಕ್ತಿಯಿಂದ ಗಾಲಿಯನ್ನು ಬೇಗ ತಿರುಗಿಸಿದರೆ ತಿರುಗಿಸುವ ಬಲ ಕಡಿಮೆಯಾಗುತ್ತದೆ. ನಿಧಾನವಾಗಿ ತಿರುಗಿಸಿದರೆ ಬಲ ಹೆಚ್ಚುತ್ತದೆ. ಸಮತಟ್ಟಾದ ದಾರಿಗೆ ವೇಗ ಬೇಕು, ಏರಿಗೆ ಬಲ ಬೇಕು. ಇವೆರಡರ ನಡುವಣ ವಿನಿಮಯವನ್ನು ಮಾಡಿಕೊಡುವುದೇ ಗೇರ್. ಮನ್‌ಹೈಮ್ ರೈನ್ ನದಿಯ ಬಯಲಿನ ಊರು. ಅಲ್ಲಿನ ಬೀದಿಗಳಲ್ಲಿ ಮಾತ್ರ ಪರೀಕ್ಷಿಸಿದ ಗಾಡಿಗೆ ಏರಿಗೆ ತಕ್ಕ ಗೇರ್ ಇಲ್ಲವೆಂಬ ಕೊರತೆ ತಿಳಿಯುವ ಸಂಭವವೇ ಇರಲಿಲ್ಲ. ಕಾರ್ಯಾಗಾರದಲ್ಲಿ ಕಾಣದ ದೋಷವನ್ನು ಬೆಟ್ಟದ ದಾರಿ ತೋರಿಸಿಕೊಟ್ಟಿತು.

ಆ ದಿನ ಕತ್ತಲಾಗುವ ಹೊತ್ತಿಗೆ ಮೂವರೂ ಧೂಳು ಮೆತ್ತಿಕೊಂಡು ಫೋರ್ಟ್ಸ್‌ಹೈಮ್ ತಲುಪಿದರು. ಕ್ಷೇಮವಾಗಿ ತಲುಪಿದ ಸುದ್ದಿಯನ್ನು ಬರ್ತಾ ತಂತಿಯ ಮೂಲಕ ಪತಿಗೆ ತಿಳಿಸಿದರು.

ಇಳಿದಾರಿ ಮತ್ತು ಬ್ರೇಕ್

ಏರಿನಷ್ಟೇ ಇಳಿಜಾರೂ ತೊಂದರೆ ಕೊಟ್ಟಿತು. ಗಾಡಿಯನ್ನು ತಡೆಹಿಡಿಯುವ ಬ್ರೇಕಿನ ಮರದ ಗಟ್ಟೆಗಳು ಉಜ್ಜಿ ಸವೆದುಹೋದವು. ಕೆಲವು ದಿನಗಳ ನಂತರ ಬೇರೊಂದು ಹಾದಿಯಲ್ಲಿ ಮನ್‌ಹೈಮ್‌ಗೆ ಹಿಂದಿರುಗುವಾಗ, ಬೌಶ್ಲಾಟ್ ಎಂಬ ಹಳ್ಳಿಯಲ್ಲಿ ಪಾದರಕ್ಷೆ ಹೊಲಿಯುವ ಕುಶಲಕರ್ಮಿಯಿಂದ ಬ್ರೇಕ್ ಗಟ್ಟೆಗಳಿಗೆ ಚರ್ಮ ಹೊಡೆಸಿಕೊಂಡರು. ಸವೆಯುವುದು ಮೇಲಿನ ಹೊದಿಕೆ ಮಾತ್ರ. ಅದನ್ನು ಆಗಾಗ ಬದಲಿಸಿದರೆ ಒಳಗಿನ ಗಟ್ಟೆ ಉಳಿಯುತ್ತದೆ. ಇಂದಿನ ಬ್ರೇಕ್ ಲೈನಿಂಗಿನ ಮೂಲರೂಪವನ್ನು ಹಲವು ಬರಹಗಾರರು ಇದರಲ್ಲಿ ಗುರುತಿಸಿದ್ದಾರೆ.

ಪ್ರಯಾಣದ ಫಲ

ಮನೆಗೆ ಮರಳಿದ ಬರ್ತಾ ಮತ್ತು ಮಕ್ಕಳು ದಾರಿಯಲ್ಲಿ ಕಂಡ ಲೋಪದೋಷಗಳನ್ನು ಕಾರ್ಲ್ ಅವರಿಗೆ ವಿವರಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಏರುದಾರಿಗೆಂದು ಇನ್ನೊಂದು ಕೆಳ ಗೇರ್ ಬೇಕೆಂಬ ಸಲಹೆ. ಕಾರ್ಲ್ ಅದನ್ನು ಒಪ್ಪಿ ಗಾಡಿಗೆ ಅಳವಡಿಸಿದರು. ಕೈಯಿಂದ ಗೇರ್ ಬದಲಿಸುವ ವಾಹನಗಳಲ್ಲಿ ಘಟ್ಟ ಹತ್ತುವಾಗ ಚಾಲಕನು ಕೆಳ ಗೇರಿಗೆ ಬರುತ್ತಾನೆ. ಆ ಅಗತ್ಯವನ್ನು ಗಾಡಿ ತಳ್ಳಿ, ಬೆವರು ಸುರಿಸಿ ಕಂಡುಕೊಂಡವರಲ್ಲಿ ಬರ್ತಾ ಮತ್ತು ಅವರ ಮಕ್ಕಳು ಮೊದಲಿಗರು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ನಡೆದ ಯಂತ್ರಗಳ ಪ್ರದರ್ಶನದಲ್ಲಿ ಬೆಂಜ್ ಗಾಡಿ ನಗರದ ಬೀದಿಗಳಲ್ಲಿ ಓಡಿ ಜನರ ಗಮನ ಸೆಳೆಯಿತು. ಚಿನ್ನದ ಪದಕವನ್ನೂ ಪಡೆಯಿತು. ಪ್ಯಾರಿಸ್‌ನ ಎಮಿಲ್ ರೋಜೆ ಅವರು ಫ್ರಾನ್ಸ್‌ನಲ್ಲಿ ಗಾಡಿಗಳ ಮಾರಾಟ ಕೈಗೊಂಡರು. 1894ರಲ್ಲಿ ಬಂದ ವೆಲೊ ಎಂಬ ನಾಲ್ಕು ಗಾಲಿಯ ಹಗುರ ಕಾರು ಬಹುಸಂಖ್ಯೆಯಲ್ಲಿ ಮಾರಾಟವಾಯಿತು. 1899ರಲ್ಲಿ ಬೆಂಜ್ ಸಂಸ್ಥೆ 572 ವಾಹನಗಳನ್ನು ತಯಾರಿಸಿ ಅಂದಿನ ಜಗತ್ತಿನ ಅತಿ ದೊಡ್ಡ ಮೋಟಾರು ತಯಾರಕ ಸಂಸ್ಥೆಯಾಗಿತ್ತು.

ಬೆಲ್ಟ್ ವ್ಯವಸ್ಥೆಯ ಅಂತ್ಯ

ಬರ್ತಾ ಪ್ರಯಾಣ ಮಾಡಿದ ಗಾಡಿಯ ಚರ್ಮದ ಬೆಲ್ಟ್ ಮೃದುವಾಗಿ ಕೆಲಸ ಮಾಡುತ್ತಿತ್ತು. ಹಠಾತ್ ಹೊರೆ ಬಿದ್ದರೆ ಜಾರಿ ಉಳಿದ ಭಾಗಗಳನ್ನು ಕಾಪಾಡುತ್ತಿತ್ತು. ಆದರೆ ಎಂಜಿನ್‌ಗಳ ಶಕ್ತಿ ಹೆಚ್ಚಿದಂತೆ ಆ ಜಾರುವಿಕೆಯೇ ದೌರ್ಬಲ್ಯವಾಯಿತು. ಫ್ರಾನ್ಸ್‌ನ ಪನಾರ್ ಮತ್ತು ಲೆವಾಸರ್ ಸಂಸ್ಥೆ 1890ರ ದಶಕದಲ್ಲಿ ಹಲ್ಲಿನ ಗೇರುಗಳನ್ನು ದಂಡದ ಮೇಲೆ ಜಾರಿಸಿ ಒಂದಕ್ಕೊಂದು ಕೂಡಿಸುವ ಗೇರ್‌ಬಾಕ್ಸ್ ಬಳಕೆಗೆ ತಂದಿತು. ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮಿಂದಿರುವ ಗೇರುಗಳಿಗೆ ದಾರಿಯ ಧೂಳು ಮತ್ತು ನೀರಿನ ಕಾಟವಿಲ್ಲ. ಹೀಗೆ ಭಾಗಗಳನ್ನು ಮುಚ್ಚಿಡುವ ಪದ್ಧತಿ ಬೆಳೆದಂತೆ ಟ್ರಾನ್ಸ್‌ಮಿಷನ್ ಆರೈಕೆಯ ರೀತಿಯೂ ಬದಲಾಯಿತು. ಬೆಲ್ಟಿನ ಬಿಗಿ ನೋಡುವುದು, ಸರಪಣಿಗೆ ಎಣ್ಣೆ ಹಾಕುವುದು ಮುಂತಾದ ದಿನದಿನದ ಕೆಲಸ ಕಡಿಮೆಯಾಗಿ, ಪೆಟ್ಟಿಗೆಯ ಎಣ್ಣೆಯ ಮಟ್ಟವನ್ನು ಪರೀಕ್ಷಿಸಿ ಕಾಲಕಾಲಕ್ಕೆ ಬದಲಿಸುವ ಕ್ರಮ ಬಂದಿತು. ರೂಪ ಬದಲಾದರೂ ನಿಯಮ ಒಂದೇ: ಒಂದಕ್ಕೊಂದು ಉಜ್ಜುವ ಭಾಗಗಳ ನಡುವೆ ಶುದ್ಧವಾದ ಎಣ್ಣೆಯಿರಬೇಕು, ಧೂಳು ಮತ್ತು ಲೋಹದ ಪುಡಿ ಇರಬಾರದು, ಸವೆದದ್ದನ್ನು ಮುರಿಯುವ ಮೊದಲೇ ಬದಲಿಸಬೇಕು.

ಹೊಸ ಶತಮಾನದ ಆರಂಭದಲ್ಲಿ ಪ್ರತಿಸ್ಪರ್ಧಿಗಳ ಪ್ರಬಲವಾದ ಕಾರುಗಳ ಮುಂದೆ ಬೆಲ್ಟ್ ಚಾಲಿತ ಬೆಂಜ್ ಗಾಡಿಗಳು ಹಳೆಯವಾಗಿ ಕಂಡವು, ಮಾರಾಟ ಇಳಿಯಿತು. ಸಂಸ್ಥೆ ಹೊಸ ಬಗೆಯ ಕಾರುಗಳತ್ತ ಹೊರಳಿದಾಗ ಉಂಟಾದ ಭಿನ್ನಾಭಿಪ್ರಾಯಗಳ ನಡುವೆ ಕಾರ್ಲ್ 1903ರಲ್ಲಿ ದೈನಂದಿನ ಆಡಳಿತದಿಂದ ಹೊರಬಂದರು.

ಮುಂದಿನ ಜೀವನ

ಬೆಂಜ್ ಕುಟುಂಬ ಮುಂದೆ ನೆಕ್ಕರ್ ನದಿಯ ದಡದ ಲಾಡೆನ್‌ಬುರ್ಗ್‌ನಲ್ಲಿ ನೆಲೆಸಿತು. 1906ರಲ್ಲಿ ಅಲ್ಲಿ ತಂದೆ ಮಕ್ಕಳ ಹೆಸರಿನಲ್ಲಿ ಇನ್ನೊಂದು ಸಂಸ್ಥೆ ಆರಂಭವಾಗಿ ಕೆಲವು ವರ್ಷ ಕಾರುಗಳನ್ನು ತಯಾರಿಸಿತು. 1925ರಲ್ಲಿ ಪ್ರಕಟವಾದ ಕಾರ್ಲ್ ಅವರ ಆತ್ಮಕಥೆಯಲ್ಲಿ 1888ರ ಪ್ರಯಾಣದ ವಿವರಗಳಿವೆ. ಈ ಪ್ರಯಾಣದ ಕುರಿತು ಇಂದು ಪ್ರಚಲಿತವಿರುವ ಬಹುತೇಕ ಸಂಗತಿಗಳಿಗೆ ಅದೇ ಆಧಾರ. ಜೀವನದ ದೋಣಿ ಮುಳುಗುವಂತಿದ್ದ ದಿನಗಳಲ್ಲಿ ತಮ್ಮೊಡನೆ ಉಳಿದವರು ಪತ್ನಿಯೊಬ್ಬರೇ ಎಂಬ ಅರ್ಥದ ಮಾತುಗಳಲ್ಲಿ ಅವರು ಬರ್ತಾ ಅವರ ಋಣವನ್ನು ಒಪ್ಪಿಕೊಂಡಿದ್ದಾರೆ. 1926ರಲ್ಲಿ ಬೆಂಜ್ ಮತ್ತು ಡೈಮ್ಲರ್ ಸಂಸ್ಥೆಗಳು ವಿಲೀನಗೊಂಡವು. 1929ರ ಏಪ್ರಿಲ್ 4ರಂದು ಕಾರ್ಲ್ ಲಾಡೆನ್‌ಬುರ್ಗ್‌ನಲ್ಲಿ ನಿಧನರಾದರು.

ಪತಿಯ ನಂತರ ಬರ್ತಾ ಹದಿನೈದು ವರ್ಷ ಬದುಕಿದ್ದರು. 1944ರ ಮೇ 3ರಂದು, ಅವರ 95ನೆಯ ಹುಟ್ಟುಹಬ್ಬದ ದಿನ, ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಗೌರವ ಸೆನೆಟರ್ ಪದವಿಯನ್ನಿತ್ತು ಸನ್ಮಾನಿಸಿತು. ಪತಿ ಓದಿದ್ದ, ಹೆಣ್ಣೆಂಬ ಕಾರಣಕ್ಕೆ ತಮ್ಮ ಯೌವನದಲ್ಲಿ ತಾವು ಓದಲಾಗದಿದ್ದ ವಿದ್ಯಾಸಂಸ್ಥೆಯ ಗೌರವ ಅದು. ಎರಡು ದಿನಗಳ ನಂತರ, ಮೇ 5ರಂದು, ಅವರು ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿ ಲಾಡೆನ್‌ಬುರ್ಗ್‌ನಲ್ಲಿದೆ.

ಸ್ಮರಣೆ

2008ರಲ್ಲಿ ಬರ್ತಾ ಅವರು ಸಾಗಿದ ಹಾದಿಯನ್ನು ಬರ್ತಾ ಬೆಂಜ್ ಸ್ಮಾರಕ ಮಾರ್ಗವೆಂದು ಅಧಿಕೃತವಾಗಿ ಗುರುತಿಸಲಾಯಿತು. ಹೋಗಿಬರುವ ಎರಡೂ ದಾರಿ ಸೇರಿ ಅದರ ಉದ್ದ 194 ಕಿಲೋಮೀಟರ್. ಮಾರ್ಗದುದ್ದಕ್ಕೂ ಫಲಕಗಳಿದ್ದು, ಪ್ರವಾಸಿಗರು ವೀಸ್ಲೋಖ್‌ನ ಔಷಧದ ಅಂಗಡಿಯ ಬಳಿ ನಿಂತು ನೋಡುತ್ತಾರೆ. 1886ರ ಪೇಟೆಂಟ್ ದಾಖಲೆಯನ್ನು ಯುನೆಸ್ಕೊ 2011ರಲ್ಲಿ ತನ್ನ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. 2016ರಲ್ಲಿ ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್ ಬರ್ತಾ ಅವರನ್ನು ತನ್ನ ಗೌರವಪಟ್ಟಿಗೆ ಸೇರಿಸಿಕೊಂಡಿತು. ಕಾರ್ಲ್ ಅವರ ಹೆಸರು 1984ರಲ್ಲೇ ಸೇರಿತ್ತು. ಬೆಂಜ್ ಕುಟುಂಬ ವಾಸವಾಗಿದ್ದ ಲಾಡೆನ್‌ಬುರ್ಗ್‌ನ ಮನೆ ಇಂದು ವಿಜ್ಞಾನ ಸಂಶೋಧನೆಗೆ ನೆರವು ನೀಡುವ ಡೈಮ್ಲರ್ ಮತ್ತು ಬೆಂಜ್ ಪ್ರತಿಷ್ಠಾನದ ಕೇಂದ್ರ. ಊರಿನಲ್ಲಿದ್ದ ಅವರ ಹಳೆಯ ಕಾರ್ಖಾನೆಯ ಕಟ್ಟಡದಲ್ಲಿ ಮೋಟಾರು ವಾಹನಗಳ ವಸ್ತುಸಂಗ್ರಹಾಲಯವಿದೆ.

ಮೌಲ್ಯಮಾಪನ

ಬರ್ತಾ ಬೆಂಜ್ ಅವರು ಮೋಟಾರು ಗಾಡಿಯನ್ನು ಕಂಡುಹಿಡಿದವರಲ್ಲ. ಹಾಗೆಂದು ಅವರೂ ಹೇಳಿಕೊಂಡಿರಲಿಲ್ಲ. ಕಂಡುಹಿಡಿದದ್ದನ್ನು ಲೋಕಕ್ಕೆ ಉಪಯೋಗವಾಗುವಂತೆ ಮಾಡಿದ್ದರಲ್ಲಿ ಅವರ ಪಾಲು ದೊಡ್ಡದು. ಎಂಜಿನ್ ಎಷ್ಟೇ ಸಮರ್ಥವಾಗಿದ್ದರೂ ಅದರ ಬಲವನ್ನು ಗಾಲಿಗೆ ಮುಟ್ಟಿಸುವ ಸರಪಣಿ ಸಡಿಲವಾದರೆ, ಏರಿಗೆ ತಕ್ಕ ಗೇರ್ ಇಲ್ಲದಿದ್ದರೆ ಗಾಡಿ ನಿಲ್ಲುತ್ತದೆ ಎಂಬುದನ್ನು ಅವರು ಅನುಭವದಿಂದ ತಿಳಿದು ತಿಳಿಸಿದರು. ಒಬ್ಬ ಔಷಧ ವ್ಯಾಪಾರಿ, ಒಬ್ಬ ಕಮ್ಮಾರ, ಒಬ್ಬ ಪಾದರಕ್ಷೆಯ ಕುಶಲಕರ್ಮಿ ಆ ಪ್ರಯಾಣದಲ್ಲಿ ಅವರಿಗೆ ನೆರವಾದರು. ವಾಹನದ ನಿರ್ವಹಣೆ ಮತ್ತು ದುರಸ್ತಿ ಎಂಬ ವಿಶಾಲವಾದ ಕಸುಬಿನ ಮೊದಲ ಚಿತ್ರ ಈ ಪ್ರಯಾಣದಲ್ಲಿ ದೊರೆಯುತ್ತದೆ.